ರಾಕೆಟ್ ಹಾರಿಸುವುದಕ್ಕಿಂತ ರಾಕೆಟ್ ಕಂಪನಿ ನಡೆಸುವುದು ಕಷ್ಟ: ಕಾರವಾರದ ಕಡೆಯಿಂದ ಒಂದು ಲೆಕ್ಕ

2025ರ ಜೂನ್‌ನಲ್ಲಿ ಬಂದ ಒಂದು ಸುದ್ದಿ ಬಾಹ್ಯಾಕಾಶದ ವಿಷಯ ಬಲ್ಲವರನ್ನೂ ಗೊಂದಲಕ್ಕೆ ಕೆಡವಿತು. ಇಸ್ರೋ ತಾನೇ ವಿನ್ಯಾಸ ಮಾಡಿ, ಮೂರು ಸಲ ಹಾರಿಸಿ ನೋಡಿದ್ದ ಎಸ್‌ಎಸ್‌ಎಲ್‌ವಿ ಎಂಬ ಚಿಕ್ಕ ರಾಕೆಟ್ಟಿನ ತಂತ್ರಜ್ಞಾನವನ್ನು ಉದ್ಯಮಕ್ಕೆ ಬಿಟ್ಟುಕೊಡಲು ಬಿಡ್ ಕರೆಯಲಾಗಿತ್ತು. ₹511 ಕೋಟಿಯ ಬಿಡ್ ಹಾಕಿದ ಬೆಂಗಳೂರಿನ ಎಚ್‌ಎಎಲ್ ಅದನ್ನು ಪಡೆಯಿತು. ಕೊನೆಯ ಸುತ್ತಿನಲ್ಲಿ ಸೋತ ಎರಡು ಕೂಟಗಳಲ್ಲಿ ಯಾರಿದ್ದರು? ಒಂದರಲ್ಲಿ ಹೈದರಾಬಾದಿನ ಸ್ಕೈರೂಟ್, ಇನ್ನೊಂದರಲ್ಲಿ ಚೆನ್ನೈನ ಅಗ್ನಿಕುಲ್. ಸ್ವಂತ ರಾಕೆಟ್ ಕಟ್ಟುತ್ತೇವೆಂದು ಹೊರಟಿರುವ ದೇಶದ ಎರಡು ಪ್ರಮುಖ ಸ್ಟಾರ್ಟಪ್‌ಗಳು ಇವೇ.

ಸ್ವಂತ ರಾಕೆಟ್ ಇದ್ದವರು ಇಸ್ರೋ ರಾಕೆಟ್ಟಿಗೆ ಏಕೆ ಕೈಹಾಕಿದರು? ಸೋತ ಮೇಲೂ ಹೂಡಿಕೆದಾರರು ಅವರ ಬೆನ್ನಿಗೆ ನಿಂತದ್ದೇಕೆ? 2025ರ ನವೆಂಬರ್‌ನಲ್ಲಿ ಪ್ರಧಾನಿ ಸ್ಕೈರೂಟ್‌ನ ಹೊಸ ಆವರಣವನ್ನು ಉದ್ಘಾಟಿಸಿ, ವಿಕ್ರಮ್-1 ರಾಕೆಟ್ಟನ್ನು ಅನಾವರಣ ಮಾಡಿದರು. ಎರಡು ತಿಂಗಳೊಳಗೆ, 2026ರ ಜನವರಿ 12ರಂದು, ದಶಕಗಳಿಂದ ನಂಬಿಕೊಂಡು ಬಂದ ಇಸ್ರೋ ರಾಕೆಟ್ ಪಿಎಸ್‌ಎಲ್‌ವಿ ಮೂರನೇ ಹಂತದಲ್ಲಿ (ಒಂದಾದ ಮೇಲೊಂದು ಉರಿದು ಕಳಚಿಬೀಳುವ ಭಾಗಗಳಲ್ಲಿ ಮೂರನೆಯದು) ಎಡವಿತು. ಅದಕ್ಕೂ ಮೊದಲು 2025ರ ಮೇ 18ರ ಉಡಾವಣೆ ವಿಫಲವಾದದ್ದೂ ಮೂರನೇ ಹಂತದಲ್ಲೇ. ಈ ನಡುವೆ ಬೆಂಗಳೂರಿನ ಪಿಕ್ಸೆಲ್ ಕಂಪನಿ ತನ್ನ 'ಫೈರ್‌ಫ್ಲೈ' ಉಪಗ್ರಹಗಳನ್ನು ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಒಯ್ದು ಸ್ಪೇಸ್‌ಎಕ್ಸ್ ರಾಕೆಟ್ಟಿನಲ್ಲಿ ಹಾರಿಸಿಕೊಂಡು ಬಂದಿತು.

ಇಂಥ ಸುದ್ದಿ ಬಂದಾಗಲೆಲ್ಲ ಉತ್ತರ ಕನ್ನಡದಲ್ಲಿ ಏಳುವ ಪ್ರಶ್ನೆ ಬೇರೆ: ಇಷ್ಟುದ್ದ ಕಡಲತೀರ ನಮಗಿದೆ, ನೌಕಾನೆಲೆಯಿದೆ, ಕೈಗಾ ಇದೆ, ಉಡಾವಣಾ ಕೇಂದ್ರ ಮಾತ್ರ ಇಲ್ಲಿಗೇಕೆ ಬರುವುದಿಲ್ಲ? ಉತ್ತರದ ಅರ್ಧ ಭೂಗೋಳದಲ್ಲಿದೆ, ಇನ್ನರ್ಧ ಕಂಪನಿಗಳ ಲೆಕ್ಕಪುಸ್ತಕದಲ್ಲಿ. ಲೆಕ್ಕಪುಸ್ತಕವನ್ನೇ ಮೊದಲು ತೆರೆಯೋಣ.

ಬಾಗಿಲು ತೆರೆದದ್ದು ಹೇಗೆ

2020ರವರೆಗೆ ಭಾರತದಲ್ಲಿ ಖಾಸಗಿಯವರು ರಾಕೆಟ್ಟಿನ ಬಿಡಿಭಾಗ ಮಾಡಿಕೊಡಬಹುದಿತ್ತು, ರಾಕೆಟ್ ಹಾರಿಸುವಂತಿರಲಿಲ್ಲ. ಆ ವರ್ಷ ಇನ್-ಸ್ಪೇಸ್ ಎಂಬ ಅನುಮತಿ ಸಂಸ್ಥೆಯ ಘೋಷಣೆಯಾಯಿತು. 2023ರಲ್ಲಿ ಭಾರತೀಯ ಬಾಹ್ಯಾಕಾಶ ನೀತಿ ಬಂತು. ಅದು ನೀತಿ, ಸಂಸತ್ತು ಮಾಡಿದ ಕಾಯ್ದೆಯಲ್ಲ ಎಂಬುದು ನೆನಪಿನಲ್ಲಿರಲಿ. 2024ರಲ್ಲಿ ವಿದೇಶಿ ಬಂಡವಾಳದ ನಿಯಮ ಸಡಿಲಾಯಿತು: ಬಿಡಿಭಾಗ ತಯಾರಿಕೆಗೆ ಶೇ 100, ಉಪಗ್ರಹ ತಯಾರಿಕೆಗೆ ಶೇ 74, ರಾಕೆಟ್ಟಿಗೆ ಶೇ 49ರವರೆಗೆ ಸರ್ಕಾರದ ಮುಂಗಡ ಒಪ್ಪಿಗೆ ಬೇಕಿಲ್ಲ. ರಾಕೆಟ್ಟಿಗೇ ಮಿತಿ ಬಿಗಿಯಾಗಿರುವುದು ಆಕಸ್ಮಿಕವಲ್ಲ. ಉಪಗ್ರಹ ಹೊತ್ತೊಯ್ಯುವ ತಂತ್ರಜ್ಞಾನಕ್ಕೂ ಕ್ಷಿಪಣಿಯ ತಂತ್ರಜ್ಞಾನಕ್ಕೂ ನಡುವೆ ಇರುವ ಗೋಡೆ ತೆಳುವಾದದ್ದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಾಹ್ಯಾಕಾಶ ಸ್ಟಾರ್ಟಪ್‌ಗಳಿಗಾಗಿ ₹1,000 ಕೋಟಿಯ ನಿಧಿಗೆ ಕೇಂದ್ರ ಸಂಪುಟ ಒಪ್ಪಿತು.

2022ರ ನವೆಂಬರ್ 18ರಂದು ಸ್ಕೈರೂಟ್‌ನ ವಿಕ್ರಮ್-ಎಸ್ 89.5 ಕಿ.ಮೀ. ಎತ್ತರಕ್ಕೆ ಹೋಗಿ ಸಮುದ್ರಕ್ಕೆ ಬಿತ್ತು. 2024ರ ಮೇ 30ರಂದು ಶ್ರೀಹರಿಕೋಟಾದೊಳಗೆ ತಾನೇ ಕಟ್ಟಿಕೊಂಡ ಕಟ್ಟೆಯಿಂದ ಅಗ್ನಿಕುಲ್ ಒಂದು ಪರೀಕ್ಷಾ ರಾಕೆಟ್ ಹಾರಿಸಿತು. ಎರಡೂ ಕಕ್ಷೆಗೆ ಹೋದವಲ್ಲ, ಹೋಗಲೆಂದು ಮಾಡಿದವೂ ಅಲ್ಲ. ಮೇಲಕ್ಕೆ ಹೋಗುವುದು ಒಂದು ಕೆಲಸ. ಸೆಕೆಂಡಿಗೆ ಏಳೂವರೆ ಕಿ.ಮೀ.ಗಿಂತ ಹೆಚ್ಚಿನ ವೇಗ ಗಳಿಸಿ ಅಲ್ಲೇ ಸುತ್ತುತ್ತಿರುವಂತೆ ಮಾಡುವುದು ಬೇರೆಯೇ ಕೆಲಸ. ಈ ಎರಡನ್ನೂ ಒಂದೇ ಎಂಬಂತೆ ಬರೆದ ಶೀರ್ಷಿಕೆಗಳೇ ಓದುಗರ ಅರ್ಧ ಗೊಂದಲಕ್ಕೆ ಕಾರಣ.

ಚಿಕ್ಕ ರಾಕೆಟ್ಟಿನ ದೊಡ್ಡ ಎದುರಾಳಿ

ಚಿಕ್ಕ ರಾಕೆಟ್ ಕಂಪನಿಗೆ ಎದುರಾಳಿ ಇನ್ನೊಂದು ಚಿಕ್ಕ ರಾಕೆಟ್ ಎಂದುಕೊಳ್ಳುವುದು ಸಹಜ. ನಿಜವಾದ ಎದುರಾಳಿ ಸ್ಪೇಸ್‌ಎಕ್ಸ್‌ನ ದೈತ್ಯ ಫಾಲ್ಕನ್-9.

2021ರ ಜನವರಿಯಲ್ಲಿ ಸ್ಪೇಸ್‌ಎಕ್ಸ್ 'ಟ್ರಾನ್ಸ್‌ಪೋರ್ಟರ್' ಎಂಬ, ಹಲವರ ಉಪಗ್ರಹಗಳನ್ನು ಒಂದೇ ರಾಕೆಟ್ಟಿನಲ್ಲಿ ಒಯ್ಯುವ ರೈಡ್‌ಶೇರ್ ಸೇವೆ ಆರಂಭಿಸಿತು. ಮೊದಲ ಸಲವೇ 143 ಉಪಗ್ರಹಗಳನ್ನು ಒಟ್ಟಿಗೆ ಹೊತ್ತೊಯ್ದು, 2017ರಲ್ಲಿ ಪಿಎಸ್‌ಎಲ್‌ವಿ ಒಂದೇ ಹಾರಾಟದಲ್ಲಿ 104 ಉಪಗ್ರಹ ಬಿಟ್ಟ ದಾಖಲೆಯನ್ನು ಮುರಿಯಿತು. 2025ರ ದರಪಟ್ಟಿಯಲ್ಲಿ 50 ಕೆ.ಜಿ.ವರೆಗಿನ ಉಪಗ್ರಹಕ್ಕೆ 3.25 ಲಕ್ಷ ಡಾಲರ್, ಅದರ ಮೇಲೆ ಕೆ.ಜಿ.ಗೆ 6,500 ಡಾಲರ್. ಅಂದರೆ 300 ಕೆ.ಜಿ. ತೂಕಕ್ಕೆ ಹೆಚ್ಚುಕಡಿಮೆ 20 ಲಕ್ಷ ಡಾಲರ್. ಅಷ್ಟೇ ತೂಕ ಹೊರುವ, ರಾಕೆಟ್ ಲ್ಯಾಬ್ ಕಂಪನಿಯ ಎಲೆಕ್ಟ್ರಾನ್ ರಾಕೆಟ್ಟನ್ನು ಪೂರ್ತಿಯಾಗಿ ಗೊತ್ತುಮಾಡಿಕೊಳ್ಳಲು 75 ಲಕ್ಷ ಡಾಲರ್ ಆಸುಪಾಸು ಬೇಕು. ಸುಮಾರು ನಾಲ್ಕು ಪಟ್ಟು.

ಹಾಗಿದ್ದರೆ ನಾಲ್ಕು ಪಟ್ಟು ಕೊಟ್ಟು ಚಿಕ್ಕ ರಾಕೆಟ್ಟಿಗೆ ಬರುವವರು ಯಾರು? ಶಿರಸಿ ಸೀಮೆಯ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನ ಎಲ್ಲರ ಚೀಲ ಹೇರಿಕೊಂಡು ಹೋಗುವ ಲಾರಿಗೆ ಹಾಕಿದರೆ ಚೀಲಕ್ಕೆ ಬೀಳುವ ಬಾಡಿಗೆ ಕಡಿಮೆ. ಆದರೆ ಲಾರಿ ತುಂಬುವ ತನಕ ಕಾಯಬೇಕು, ಅದು ಹೋಗುವ ದಾರಿಯಲ್ಲೇ ಹೋಗಬೇಕು. ನಾಳೆಯ ಟೆಂಡರಿಗೇ ಮಾಲು ಮುಟ್ಟಬೇಕೆಂದರೆ ನಾಲ್ಕೇ ಚೀಲವಿದ್ದರೂ ಪಿಕಪ್ ಹೇಳಿ ಒಯ್ಯಬೇಕಾಗುತ್ತದೆ. ಉಪಗ್ರಹದವರ ಕಷ್ಟವೂ ಇದೇ. ಟ್ರಾನ್ಸ್‌ಪೋರ್ಟರ್ ಹೋಗುವುದು ಹೆಚ್ಚಿನವರಿಗೆ ಬೇಕಾದ ಕಕ್ಷೆಗೆ, ಅದರದೇ ದಿನಾಂಕಕ್ಕೆ. ಬೇರೆ ಕಕ್ಷೆ ಬೇಕಾದವರು, ಸಾಲಿನಲ್ಲಿ ಕೆಟ್ಟುಹೋದ ಒಂದು ಉಪಗ್ರಹದ ಜಾಗಕ್ಕೆ ತುರ್ತಾಗಿ ಇನ್ನೊಂದನ್ನು ಇಡಬೇಕಾದವರು, ತಮ್ಮ ಉಪಗ್ರಹ ಪರದೇಶದ ನೆಲಕ್ಕೆ ಹೋಗಬಾರದೆನ್ನುವ ಸೇನೆಯವರು: ಇವರೇ ಚಿಕ್ಕ ರಾಕೆಟ್ಟಿನ ಗಿರಾಕಿಗಳು. ಇಂಥವರು ಇದ್ದಾರೆ. ಎಷ್ಟು ಜನ ಇದ್ದಾರೆ ಎಂಬುದರ ಮೇಲೆಯೇ ಜಗತ್ತಿನ ಎಲ್ಲ ಚಿಕ್ಕ ರಾಕೆಟ್ ಕಂಪನಿಗಳ ಪಂಥ ನಿಂತಿದೆ.

ಬೆಲೆ ಇಳಿಯುವುದು ಹಾರಾಟದ ಸಂಖ್ಯೆಯಿಂದ

ರಾಕೆಟ್ ಉದ್ಯಮದಲ್ಲಿ ಇಂಧನದ ಖರ್ಚು ಚಿಲ್ಲರೆ. ದೊಡ್ಡ ಖರ್ಚೆಂದರೆ ಹಾರಾಟ ಇರಲಿ ಬಿಡಲಿ ಪ್ರತಿ ತಿಂಗಳೂ ಕೊಡಬೇಕಾದದ್ದು: ಎಂಜಿನಿಯರುಗಳ ಸಂಬಳ, ಪರೀಕ್ಷಾ ಕಟ್ಟೆ, ಕಾರ್ಖಾನೆ, ಅನುಮತಿ ಪತ್ರಗಳು, ವಿಮೆ. ವರ್ಷಕ್ಕೆ ಎರಡೇ ರಾಕೆಟ್ ಹಾರಿದರೆ ಇದೆಲ್ಲ ಎರಡರ ತಲೆಗೆ ಬೀಳುತ್ತದೆ, ಹನ್ನೆರಡು ಹಾರಿದರೆ ಹನ್ನೆರಡರ ಮೇಲೆ ಹಂಚಿಹೋಗುತ್ತದೆ.

ಎಚ್‌ಎಎಲ್ ಲೆಕ್ಕವನ್ನೇ ನೋಡಿ. ₹511 ಕೋಟಿಯನ್ನು ಹತ್ತು ರಾಕೆಟ್ಟುಗಳಿಂದ ದುಡಿದುಕೊಳ್ಳಬೇಕಾದರೆ ಒಂದೊಂದರ ಬೆಲೆಯಲ್ಲೂ ₹51 ಕೋಟಿ ಬರೀ ತಂತ್ರಜ್ಞಾನದ ಬಾಬತ್ತು. ಐವತ್ತು ರಾಕೆಟ್ ಮಾರಿದರೆ ಅದೇ ಹತ್ತು ಕೋಟಿಗೆ ಇಳಿಯುತ್ತದೆ. ಇಲ್ಲೊಂದು ಸುಳಿಯಿದೆ. ಬೆಲೆ ಇಳಿಯದೆ ಗಿರಾಕಿ ಬರುವುದಿಲ್ಲ, ಗಿರಾಕಿ ಬರದೆ ಹಾರಾಟ ಹೆಚ್ಚುವುದಿಲ್ಲ, ಹಾರಾಟ ಹೆಚ್ಚದೆ ಬೆಲೆ ಇಳಿಯುವುದಿಲ್ಲ. ಮೊದಲ ಕೆಲವು ವರ್ಷ ಈ ಸುಳಿಯಿಂದ ಎತ್ತಿ ಹಿಡಿಯಲು ಯಾರಾದರೂ ಬೇಕು. ಹೂಡಿಕೆದಾರರ ಹಣ ಎತ್ತಿ ಹಿಡಿಯುವುದು ಎರಡು ಮೂರು ವರ್ಷ. ಆಮೇಲೆ ದೊಡ್ಡ, ಖಾತ್ರಿ ಗಿರಾಕಿಯೊಬ್ಬರು ಬೇಕೇ ಬೇಕು, ಮತ್ತು ಎಲ್ಲ ದೇಶಗಳಲ್ಲೂ ಆ ಗಿರಾಕಿ ಬಹುತೇಕ ಸರ್ಕಾರವೇ.

ಹೀಗಾಗಿ ರಾಕೆಟ್ ಕಂಪನಿಯ ನಿರ್ಣಾಯಕ ಆಯ್ಕೆ ಯಾವ ಎಂಜಿನ್, ಯಾವ ಇಂಧನ ಎಂಬುದಲ್ಲ. ಮೊದಲ ಹತ್ತು ಹಾರಾಟಕ್ಕೆ ಹಣ ಕೊಡುವವರು ಯಾರು ಎಂಬುದು. ಎಂಜಿನ್ನಿನ ಆಯ್ಕೆಯೂ ಕೊನೆಗೆ ಆ ಉತ್ತರಕ್ಕೆ ತಕ್ಕಂತೆಯೇ ಆಗುತ್ತದೆ.

ಬೇರೆಯವರು ಹಿಡಿದ ದಾರಿಗಳು

ಸ್ಪೇಸ್‌ಎಕ್ಸ್ ಕೂಡ ಚಿಕ್ಕ ರಾಕೆಟ್ಟಿನಿಂದಲೇ ಶುರುಮಾಡಿದ್ದು. ಫಾಲ್ಕನ್-1 ಮೂರು ಸಲ ಸೋತು, 2008ರ ಸೆಪ್ಟೆಂಬರ್ 28ರಂದು ನಾಲ್ಕನೇ ಯತ್ನದಲ್ಲಿ ಕಕ್ಷೆ ಮುಟ್ಟಿತು. ಈ ಹಠದ ಕಥೆ ಎಲ್ಲರಿಗೂ ಗೊತ್ತು. ಹೆಚ್ಚು ಹೇಳದ ಭಾಗ ಮುಂದಿನದು: ಆ ಡಿಸೆಂಬರ್‌ನಲ್ಲಿ ನಾಸಾ 160 ಕೋಟಿ ಡಾಲರಿನ ಸರಕು ಸಾಗಣೆ ಗುತ್ತಿಗೆ ಕೊಟ್ಟಿತು. ಫಾಲ್ಕನ್-1 ಅದಾದ ಮೇಲೆ ಒಂದೇ ಒಂದು ಸಲ ಹಾರಿ, 2009ರಲ್ಲೇ ಮೂಲೆ ಸೇರಿತು. ಕಂಪನಿಯನ್ನು ಉಳಿಸಿದ್ದು ಆ ಗುತ್ತಿಗೆ. ಗುತ್ತಿಗೆ ಸಿಕ್ಕೊಡನೆ ಕಂಪನಿ ಚಿಕ್ಕ ರಾಕೆಟ್ಟಿನ ವ್ಯಾಪಾರವನ್ನೇ ಬಿಟ್ಟಿತು.

ರಾಕೆಟ್ ಲ್ಯಾಬ್‌ನದು ಬೇರೆ ದಾರಿ. ನ್ಯೂಜಿಲೆಂಡಿನ ಮಾಹಿಯಾ ಎಂಬ ತೀರದಿಂದ 2017ರಿಂದ ಎಲೆಕ್ಟ್ರಾನ್ ಹಾರಿಸುತ್ತಿರುವ ಈ ಕಂಪನಿಯೇ ಚಿಕ್ಕ ರಾಕೆಟ್ಟಿನಲ್ಲಿ ಗೆದ್ದವರು ಯಾರೆಂದು ಕೇಳಿದರೆ ಎಲ್ಲರೂ ಬೆರಳು ತೋರಿಸುವ ಉದಾಹರಣೆ. ಆದರೆ 2024ರಲ್ಲಿ ಅದು ಗಳಿಸಿದ 43 ಕೋಟಿ ಡಾಲರಿಗೂ ಮೀರಿದ ಆದಾಯದಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಬಂದದ್ದು ರಾಕೆಟ್ಟಿನಿಂದಲ್ಲ. ಉಪಗ್ರಹ, ಸೌರಫಲಕ, ಉಪಗ್ರಹಕ್ಕೆ ಬೇಕಾದ ಬಿಡಿಭಾಗಗಳಿಂದ. ಅದಕ್ಕಾಗಿಯೇ ಆ ಕಂಪನಿ ಸಿಂಕ್ಲೇರ್, ಸೋಲ್‌ಏರೋದಂಥ ಸಂಸ್ಥೆಗಳನ್ನು ಕೊಂಡುಕೊಂಡಿತ್ತು. ಗಿರಾಕಿ ಬಾಗಿಲಿಗೆ ಬರುವುದು ರಾಕೆಟ್ಟಿನ ಹೆಸರು ಕೇಳಿ, ಲಾಭ ಸಿಗುವುದು ಬೇರೆ ಸಾಮಾನಿನಲ್ಲಿ. ಇಷ್ಟೆಲ್ಲ ಹಾರಿಸಿದ ಮೇಲೂ ಆ ಕಂಪನಿ ನ್ಯೂಟ್ರಾನ್ ಎಂಬ ಮಧ್ಯಮ ಗಾತ್ರದ ರಾಕೆಟ್ ಕಟ್ಟಲು ಕೂತಿದೆ ಎಂದರೆ, ಚಿಕ್ಕದರಲ್ಲೇ ಉಳಿದು ಬದುಕುವುದು ಕಷ್ಟವೆಂದು ಅದಕ್ಕೂ ಅನ್ನಿಸಿದೆ ಎಂದೇ ಅರ್ಥ.

ಸೋತವರ ಪಟ್ಟಿ ಉದ್ದವಿದೆ. ವಿಮಾನದ ರೆಕ್ಕೆಯಿಂದ ರಾಕೆಟ್ ಬಿಡುತ್ತಿದ್ದ ವರ್ಜಿನ್ ಆರ್ಬಿಟ್ ಹಲವು ಸಲ ಕಕ್ಷೆ ಮುಟ್ಟಿಯೂ 2023ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ತಂತ್ರಜ್ಞಾನ ಕೈಕೊಟ್ಟದ್ದಕ್ಕಿಂತ ಹಾರಾಟದ ಸಂಖ್ಯೆ ಕೈಕೊಟ್ಟದ್ದೇ ಹೆಚ್ಚು. ರಿಲೇಟಿವಿಟಿ ಕಂಪನಿ ತ್ರೀಡಿ ಮುದ್ರಣದಿಂದ ಮಾಡಿದ ಟೆರಾನ್-1 ಅನ್ನು ಒಂದೇ ಸಲ ಹಾರಿಸಿ ಕೈಬಿಟ್ಟು ದೊಡ್ಡ ರಾಕೆಟ್ಟಿಗೆ ಜಿಗಿಯಿತು. ಎಬಿಎಲ್ ಎಂಬ ಕಂಪನಿ 2024ರಲ್ಲಿ ಉಪಗ್ರಹದ ಸಹವಾಸವೇ ಬೇಡವೆಂದು ಕ್ಷಿಪಣಿ ರಕ್ಷಣೆಯ ಕೆಲಸಕ್ಕೆ ಹೊರಳಿಕೊಂಡಿತು.

ನಮ್ಮ ಎರಡು ಕಂಪನಿಗಳು

ಸ್ಕೈರೂಟ್‌ನ ವಿಕ್ರಮ್-1ರಲ್ಲಿ ಮೊದಲ ಮೂರು ಹಂತ ಘನ ಇಂಧನದವು. ಕೊನೆಯಲ್ಲಿ ಕಕ್ಷೆ ಸರಿಪಡಿಸಲು ಮಾತ್ರ ದ್ರವ ಇಂಧನ. ಘನ ಇಂಧನದ ಮೋಟಾರ್ ಒಮ್ಮೆ ತುಂಬಿಟ್ಟರೆ ಬಹುಕಾಲ ಹಾಗೇ ಇರುತ್ತದೆ, ಬೇಕೆಂದಾಗ ಹೊರತೆಗೆದು ಹಾರಿಸಬಹುದು. ಇಸ್ರೋದಲ್ಲಿ ಇದರ ಅನುಭವ ಆಳವಾಗಿರುವುದರಿಂದ ಪಳಗಿದ ಕೈಗಳೂ ಸಿಗುತ್ತವೆ. ಕೊರತೆಯೆಂದರೆ ಹೊತ್ತಿಸಿದ ಮೇಲೆ ಆರಿಸಲಾಗದು, ಇಳಿಸಿ ಮತ್ತೆ ಬಳಸಲಾಗದು. ತುರ್ತಿಗೆ ರಾಕೆಟ್ ಸಿದ್ಧವಿರಲಿ ಎನ್ನುವ ಸೇನೆಗೆ ಇದು ಹೊಂದುತ್ತದೆ. ಸ್ಪೇಸ್‌ಎಕ್ಸ್ ಜೊತೆ ಕೆ.ಜಿ. ದರದಲ್ಲಿ ಪೈಪೋಟಿಗೆ ಇಳಿಯಲು ಹೊಂದುವುದಿಲ್ಲ.

ಐಐಟಿ ಮದ್ರಾಸಿನಲ್ಲಿ ಬೆಳೆದ ಅಗ್ನಿಕುಲ್ ಆರಿಸಿಕೊಂಡದ್ದು ಸೀಮೆಎಣ್ಣೆ ಜಾತಿಯ ಇಂಧನ ಮತ್ತು ದ್ರವ ಆಮ್ಲಜನಕ. ಎಂಜಿನ್ನನ್ನು ಒಂದೇ ತುಂಡಾಗಿ ತ್ರೀಡಿ ಮುದ್ರಣದಲ್ಲಿ ತೆಗೆಯುತ್ತಾರೆ. ಬೆಸುಗೆ ಕಡಿಮೆ, ಸಮಯ ಉಳಿತಾಯ. ಉಡಾವಣಾ ಕಟ್ಟೆಯನ್ನೂ ಸಾಗಿಸುವಂತೆ ಮಾಡಬೇಕೆಂಬುದು ಅವರ ಯೋಚನೆ. ಈ ದಾರಿಯಲ್ಲಿ ಮುಂದೆ ರಾಕೆಟ್ಟನ್ನು ಮರಳಿ ಪಡೆಯುವ ಅವಕಾಶ ತೆರೆದಿರುತ್ತದೆ. ಅತಿ ತಣ್ಣನೆಯ ಆಮ್ಲಜನಕವನ್ನು ಸಂಭಾಳಿಸುವ ಕಷ್ಟ ಮಾತ್ರ ಮೊದಲ ದಿನದಿಂದಲೇ ಬೆನ್ನಿಗಿರುತ್ತದೆ.

ಈಗ ಜೂನ್ 2025ರ ಸುದ್ದಿ ಅಷ್ಟು ವಿಚಿತ್ರವೆನಿಸುವುದಿಲ್ಲ. ಸ್ವಂತ ರಾಕೆಟ್ ಇನ್ನೂ ಕಕ್ಷೆ ಮುಟ್ಟದ ಕಂಪನಿಗೆ, ಆಗಲೇ ಕಕ್ಷೆ ಮುಟ್ಟಿದ ಎಸ್‌ಎಸ್‌ಎಲ್‌ವಿ ಸಿಕ್ಕಿದ್ದರೆ ಗಿರಾಕಿಗೆ ತೋರಿಸಲು ಒಂದು ವಸ್ತು ಇರುತ್ತಿತ್ತು. ಅದರಿಂದ ಬಂದ ಹಣ ಸ್ವಂತ ರಾಕೆಟ್ಟಿಗೆ ಒದಗುತ್ತಿತ್ತು. ಕೂಟದಲ್ಲಿ ಸೇರಿ ಬಿಡ್ ಹಾಕಿದ್ದು ಹತಾಶೆಯಿಂದಲ್ಲ, ಸರಿಯಾದ ವ್ಯಾಪಾರ ಬುದ್ಧಿಯಿಂದ.

ಎಚ್‌ಎಎಲ್ ಬಂದದ್ದು ಒಳ್ಳೆಯದೋ ಕೆಟ್ಟದ್ದೋ

ಇಲ್ಲಿ ಎರಡು ವಾದಗಳಿವೆ, ಎರಡಕ್ಕೂ ಹುರುಳಿದೆ.

ಮೊದಲನೆಯದು: ತೆರಿಗೆದಾರರ ಹಣದಲ್ಲಿ ತಯಾರಾದ ರಾಕೆಟ್ ಸರ್ಕಾರಿ ಸಂಸ್ಥೆಯ ಕೈಗೆ ಹೋದರೆ ಖಾಸಗಿಯವರು ಸಪಾಟು ಮೈದಾನದಲ್ಲಿ ಆಡಿದಂತಾಗುವುದಿಲ್ಲ. ಎಚ್‌ಎಎಲ್‌ಗೆ ವಿಮಾನಗಳ ಆದಾಯವಿದೆ. ರಾಕೆಟ್ಟಿನಲ್ಲಿ ಕೆಲವು ವರ್ಷ ನಷ್ಟವಾದರೂ ತಡೆದುಕೊಳ್ಳುತ್ತದೆ. ಅದು ಬೆಲೆ ಇಳಿಸಿ ಕೂತರೆ ಸ್ಟಾರ್ಟಪ್‌ಗಳ ಉಸಿರು ಕಟ್ಟುತ್ತದೆ.

ಎರಡನೆಯದು: ದೇಶಕ್ಕೆ ಬೇಕಾಗಿರುವುದು ಸಂಖ್ಯೆ. ಇಸ್ರೋ ಸಂಶೋಧನಾ ಸಂಸ್ಥೆ, ಕಾರ್ಖಾನೆಯಲ್ಲ; ವರ್ಷಕ್ಕೆ ಹತ್ತಾರು ರಾಕೆಟ್ ಮಾಡುವುದು ಅದರ ಕೆಲಸವೂ ಅಲ್ಲ. ಪಿಎಸ್‌ಎಲ್‌ವಿಯನ್ನೂ 2022ರಲ್ಲಿ ಐದು ರಾಕೆಟ್ಟುಗಳಿಗೆ ₹860 ಕೋಟಿಯಂತೆ ಎಚ್‌ಎಎಲ್–ಎಲ್ ಅಂಡ್ ಟಿ ಕೂಟಕ್ಕೆ ಒಪ್ಪಿಸಿದ್ದು ಇದೇ ಕಾರಣಕ್ಕೆ. ಎಚ್‌ಎಎಲ್ ಸಾಲುಸಾಲಾಗಿ ರಾಕೆಟ್ ಮಾಡತೊಡಗಿದರೆ ಬಿಡಿಭಾಗ ಕೊಡುವ ನೂರಾರು ಕಾರ್ಖಾನೆಗಳು ಬೆಳೆಯುತ್ತವೆ, ಅವುಗಳಿಂದಲೇ ಸ್ಟಾರ್ಟಪ್‌ಗಳಿಗೂ ಅಗ್ಗದ ಮಾಲು ಸಿಗುತ್ತದೆ.

ನನಗೆ ಎರಡನೆಯ ವಾದ ಹೆಚ್ಚು ಸರಿ ಕಾಣುತ್ತದೆ, ಒಂದು ಷರತ್ತಿನ ಮೇಲೆ. ಸರ್ಕಾರಿ ಉಪಗ್ರಹಗಳ ಉಡಾವಣೆಯನ್ನೆಲ್ಲ ಎಚ್‌ಎಎಲ್‌ಗೇ ಕೊಟ್ಟರೆ ಅದು ಪೈಪೋಟಿಯಲ್ಲ, ಗುತ್ತಿಗೆದಾರ ಬದಲಾದದ್ದು ಅಷ್ಟೇ. ಪರೀಕ್ಷೆ ಹತ್ತಿರದಲ್ಲೇ ಇದೆ. ಗಡಿ ಮತ್ತು ಸಮುದ್ರ ಕಣ್ಗಾವಲಿಗೆಂದು 52 ಉಪಗ್ರಹಗಳ ಯೋಜನೆಗೆ 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಒಪ್ಪಿದೆ. ಅವುಗಳಲ್ಲಿ 31 ಉಪಗ್ರಹಗಳನ್ನು ಮಾಡುವವರು ಖಾಸಗಿಯವರು. 2025ರ ಆಗಸ್ಟ್‌ನಲ್ಲಿ ಪಿಕ್ಸೆಲ್ ನೇತೃತ್ವದ ಕೂಟಕ್ಕೆ ₹1,200 ಕೋಟಿ ಹೂಡಿಕೆಯ 12 ಭೂವೀಕ್ಷಣಾ ಉಪಗ್ರಹಗಳ ಯೋಜನೆ ಸಿಕ್ಕಿದೆ. ಇವುಗಳಲ್ಲಿ ಕೆಲವು ಹಾರಾಟಗಳನ್ನಾದರೂ 'ಹೊಸ ರಾಕೆಟ್ಟಿಗೆ ಮಾತ್ರ' ಎಂದು ಮೀಸಲಿಟ್ಟರೆ, ನಾಸಾ 2008ರಲ್ಲಿ ಮಾಡಿದ ಕೆಲಸವನ್ನು ನಮ್ಮ ಸರ್ಕಾರ ಮಾಡಿದಂತೆ. ಅಪಾಯವೂ ಇದೆ. ಜನವರಿಯ ಪಿಎಸ್‌ಎಲ್‌ವಿ ವೈಫಲ್ಯದಲ್ಲಿ ಮುಖ್ಯ ಉಪಗ್ರಹದ ಜೊತೆ ಹೊರಟಿದ್ದ ಸ್ಟಾರ್ಟಪ್‌ಗಳ ಚಿಕ್ಕ ಉಪಗ್ರಹಗಳೂ ಹೋದವು. ಪಳಗಿದ ರಾಕೆಟ್ಟೇ ಹೀಗೆ ಮಾಡುವಾಗ ಹೊಸದಕ್ಕೆ ಯಾರು ಧೈರ್ಯ ಮಾಡುತ್ತಾರೆ? ಮೊದಲ ಹಾರಾಟಗಳಲ್ಲಿ ಕಳೆದುಕೊಂಡರೂ ಬಾಧಕವಿಲ್ಲದ ಅಗ್ಗದ ಉಪಗ್ರಹಗಳನ್ನು ಹಾಕುವುದೇ ಇದಕ್ಕೆ ಎಲ್ಲೆಡೆ ಕಂಡುಕೊಂಡ ಉಪಾಯ.

ಕಾರವಾರದಿಂದ ಏಕೆ ಆಗದು

ಈಗ ಭೂಗೋಳ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಕಾರವಾರದ ಅಕ್ಷಾಂಶದಲ್ಲಿ ಆ ತಿರುಗುವಿಕೆಯ ವೇಗ ಸೆಕೆಂಡಿಗೆ ಸುಮಾರು 450 ಮೀಟರ್. ಪೂರ್ವಕ್ಕೆ ಹಾರಿದ ರಾಕೆಟ್ಟಿಗೆ ಇದು ಪುಕ್ಕಟೆ ಸಿಗುತ್ತದೆ. ಪಶ್ಚಿಮಕ್ಕೆ ಹಾರಿದರೆ ಅಷ್ಟನ್ನೇ ಕಳೆದುಕೊಂಡು ಹೊರಡಬೇಕು. ಎರಡರ ನಡುವಿನ ಅಂತರ ಸೆಕೆಂಡಿಗೆ 900 ಮೀಟರ್. ಚಿಕ್ಕ ರಾಕೆಟ್ಟಿಗೆ ಇದು ಹೊರುವ ತೂಕದ ದೊಡ್ಡ ಪಾಲನ್ನೇ ನುಂಗಿಬಿಡುತ್ತದೆ. ಇಸ್ರೇಲ್ ಮೆಡಿಟರೇನಿಯನ್ ಕಡೆಗೆ, ಪಶ್ಚಿಮಕ್ಕೇ ಹಾರಿಸುತ್ತದೆ ನಿಜ. ಪೂರ್ವಕ್ಕೆ ಹಾರಿಸಿದರೆ ನೆರೆ ದೇಶಗಳ ಮೇಲೆ ಹೋಗಬೇಕಾಗುತ್ತದೆ ಎಂಬ ಕಾರಣಕ್ಕೆ ಅದು ಆ ನಷ್ಟವನ್ನು ನುಂಗಿಕೊಂಡಿದೆ. ಪೂರ್ವಕ್ಕೆ ಬಂಗಾಳ ಕೊಲ್ಲಿಯೇ ಇರುವ ದೇಶಕ್ಕೆ ಆ ದರ್ದಿಲ್ಲ. ಕಾರವಾರದಿಂದ ಪೂರ್ವಕ್ಕೆ ಹಾರಿಸಿದರೋ, ಉರಿದು ಮುಗಿದ ಹಂತಗಳು ಹಾವೇರಿ, ಬಳ್ಳಾರಿ ಕಡೆಯ ಊರುಗಳ ಮೇಲೆ ಉದುರುತ್ತವೆ.

ದಕ್ಷಿಣಕ್ಕೆ ಹಾರಿಸಬಹುದಲ್ಲ? ಭೂವೀಕ್ಷಣಾ ಉಪಗ್ರಹಗಳು ಹೋಗುವುದು ಧ್ರುವಗಳ ಮೇಲೆ ಹಾಯುವ ಕಕ್ಷೆಗೆ, ಅಂದರೆ ಹಾರಾಟ ದಕ್ಷಿಣಕ್ಕೇ. ಈ ಪ್ರಶ್ನೆ ಗಟ್ಟಿಯಾದದ್ದು. ಶ್ರೀಹರಿಕೋಟಾದಿಂದ ದಕ್ಷಿಣಕ್ಕೆ ನೇರ ಹೋದರೆ ಶ್ರೀಲಂಕಾ ಅಡ್ಡ ಬರುತ್ತದೆ. ರಾಕೆಟ್ ಮೊದಲು ಪೂರ್ವಕ್ಕೆ ಸರಿದು ಆಮೇಲೆ ತಿರುಗಬೇಕು. ದೊಡ್ಡ ರಾಕೆಟ್ಟಿಗೆ ಈ ತಿರುವು ಹೊರೆಯಲ್ಲ, ಚಿಕ್ಕದಕ್ಕೆ ತೀರಾ ದುಬಾರಿ. ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ ಎರಡನೇ ಕೇಂದ್ರಕ್ಕೆ 2024ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ಆದದ್ದು ಇದಕ್ಕೇ. ಅಲ್ಲಿಂದ ದಕ್ಷಿಣಕ್ಕೆ ಬರೀ ಸಮುದ್ರ. ಕಾರವಾರದಿಂದಲೂ ನಕಾಶೆಯಲ್ಲಿ ನೀಲಿಯೇ ಕಾಣುತ್ತದೆ. ಆದರೆ ಈ ಕಕ್ಷೆಗೆ ಹೋಗುವ ದಾರಿ ದಕ್ಷಿಣದಿಂದ ಕೊಂಚ ಪಶ್ಚಿಮಕ್ಕೆ ವಾಲುತ್ತದೆ. ಆ ಗೆರೆಯನ್ನು ಕಾರವಾರದಿಂದ ಎಳೆದರೆ ಸುಮಾರು 700 ಕಿ.ಮೀ. ದೂರದಲ್ಲಿ ಲಕ್ಷದ್ವೀಪದ ಮಿನಿಕಾಯ್, ಅದರಾಚೆ ಮಾಲ್ಡೀವ್ಸ್‌ನ ದ್ವೀಪಸಾಲು. ತಪ್ಪಿಸಿಕೊಳ್ಳಲು ಇಲ್ಲೂ ತಿರುವು ಬೇಕು. ಅವಘಡವಾದರೆ ಹೊಣೆ ಖಾಸಗಿ ಕಂಪನಿಗೆ ಸೀಮಿತವಲ್ಲ. 1972ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪರದೇಶದ ನೆಲದಲ್ಲಿ ಆದ ಹಾನಿಗೆ ಉಡಾಯಿಸಿದ ದೇಶವೇ ಪೂರ್ತಿ ಹೊಣೆ.

ಹಾಗಾದರೆ ಕೇರಳದ 'ತುಂಬಾ' ಎಂಬ ಊರಿನ ಉಡಾವಣಾ ಕೇಂದ್ರ? ಅದೂ ಅರಬ್ಬಿ ಸಮುದ್ರದ ದಡದಲ್ಲೇ ಇದೆ, 1963ರಲ್ಲಿ ದೇಶದ ಮೊದಲ ರಾಕೆಟ್ ಹಾರಿದ್ದೂ ಅಲ್ಲಿಂದಲೇ. ಅವು ವಾತಾವರಣ ಅಳೆದು ಸಮುದ್ರಕ್ಕೆ ಬೀಳುವ ರಾಕೆಟ್ಟುಗಳು. ಭೂಮಿಯ ಕಾಂತೀಯ ಸಮಭಾಜಕ ಅಲ್ಲಿ ಹಾದುಹೋಗುತ್ತದೆಂದು ಆ ಜಾಗ ಆರಿಸಿದ್ದು. ಕಕ್ಷೆಯ ಲೆಕ್ಕ ಅಲ್ಲಿರಲಿಲ್ಲ.

ಇನ್ನೊಂದು ತೊಡಕನ್ನು ಕರಾವಳಿಯವರು ಹೊರಗಿನವರಿಗಿಂತ ಬೇಗ ಗುರುತಿಸುತ್ತಾರೆ. ಉಡಾವಣೆಯ ದಿನ ಸಮುದ್ರದಲ್ಲಿ ದೋಣಿ ಇರಬಾರದು. ಯಾಂತ್ರೀಕೃತ ಬೋಟುಗಳು ದಡದಲ್ಲಿರುವುದು ಜೂನ್ 1ರಿಂದ ಜುಲೈ 31ರ ನಿಷೇಧದ 61 ದಿನ ಮಾತ್ರ. ಆ ಎರಡು ತಿಂಗಳು ಇಲ್ಲಿ ಜಡಿಮಳೆ, ಗಾಳಿ. ರಾಕೆಟ್ ಹಾರಿಸುವ ಮಾತೇ ಇಲ್ಲ. ಆಕಾಶ ತಿಳಿಯಾದ ತಿಂಗಳುಗಳಲ್ಲಿ ಕಡಲು ಬೋಟುಗಳಿಂದ ತುಂಬಿರುತ್ತದೆ. ಅಂದರೆ ಪ್ರತಿ ಉಡಾವಣೆಯೂ, ಮುಂದೂಡಿಕೆಯಾದ ಪ್ರತಿ ದಿನವೂ, ಮೀನುಗಾರರ ದುಡಿಮೆಯ ದಿನದಿಂದಲೇ ಕಡಿತವಾಗಬೇಕು. ಬದಿಯಲ್ಲಿ ಕದಂಬ ನೌಕಾನೆಲೆ, ಒಳಗೆ ಕೈಗಾ ಅಣುಸ್ಥಾವರ ಇರುವಾಗ ರಾಕೆಟ್ಟಿನ ಅಪಾಯ ವಲಯಕ್ಕೆ ಜಾಗ ಹುಡುಕುವುದು ಬೇರೆ ಮಾತು.

ಸಮುದ್ರದ ಮಧ್ಯೆ ತೇಲುವ ಕಟ್ಟೆಯಿಂದ ಹಾರಿಸುವ ದಾರಿಯೂ ಇದೆ. ಚೀನಾ ಅದನ್ನು ಮಾಡುತ್ತಿದೆ. ಖಾಸಗಿಯಾಗಿ ಅದನ್ನೇ ನೆಚ್ಚಿಕೊಂಡಿದ್ದ ಸೀ ಲಾಂಚ್ ಕಂಪನಿ 1999ರಿಂದ ಹಾರಿಸಿ 2009ರಲ್ಲಿ ದಿವಾಳಿ ಅರ್ಜಿ ಹಾಕಿತ್ತು.

ಜಾಗ ಕೊಟ್ಟವರ ಗತಿ

ಒಂದು ವೇಳೆ ಭೂಗೋಳ ಅನುಕೂಲವಾಗಿದ್ದರೂ ಈ ಜಿಲ್ಲೆ ಯೋಚಿಸಬೇಕಾದ ಸಂಗತಿ ಬೇರೊಂದಿದೆ. ಬ್ರಿಟನ್ನಿನ ಕಾರ್ನ್‌ವಾಲ್ ತನ್ನ ವಿಮಾನ ನಿಲ್ದಾಣವನ್ನು ಉಡಾವಣಾ ಕೇಂದ್ರವಾಗಿಸಲು ಸ್ಥಳೀಯ ಕೌನ್ಸಿಲ್ ಹಣವನ್ನೂ ಹಾಕಿತು. 2023ರ ಜನವರಿಯಲ್ಲಿ ಅಲ್ಲಿಂದ ಹೊರಟ ವರ್ಜಿನ್ ಆರ್ಬಿಟ್‌ನ ಹಾರಾಟ ವಿಫಲವಾಯಿತು, ಮೂರು ತಿಂಗಳಲ್ಲಿ ಕಂಪನಿಯೇ ಮುಳುಗಿತು. ಸ್ಕಾಟ್ಲೆಂಡಿನ ಸದರ್ಲೆಂಡ್‌ನಲ್ಲಿ ಊರವರ ಒಪ್ಪಿಗೆ, ವಿರೋಧ ಎಲ್ಲ ದಾಟಿ 2023ರಲ್ಲಿ ಕೆಲಸ ಶುರುವಾಯಿತು. 2024ರ ಡಿಸೆಂಬರ್‌ನಲ್ಲಿ ಆರ್ಬೆಕ್ಸ್ ಕಂಪನಿ ಅದನ್ನು ನಿಲ್ಲಿಸಿ ದ್ವೀಪವೊಂದರಲ್ಲಿರುವ ಬೇರೆ ಕೇಂದ್ರಕ್ಕೆ ಹೋಗುವುದಾಗಿ ಹೇಳಿತು. ಎರಡೂ ಕಡೆಯ ಪಾಠ ಒಂದೇ: ಕಂಪನಿ ಮುಳುಗಿದರೂ, ಬೇರೆಡೆಗೆ ಹೊರಟರೂ ನಡುನೀರಿನಲ್ಲಿ ಉಳಿಯುವುದು ಜಾಗ ಕೊಟ್ಟವರು. ರಾಕೆಟ್ ಕಂಪನಿಯ ತಂತ್ರ ಎರಡು ವರ್ಷಕ್ಕೊಮ್ಮೆ ಬದಲಾಗಬಹುದು, ಬದಲಾಗಲೂ ಬೇಕು. ಬಿಟ್ಟುಕೊಟ್ಟ ಗದ್ದೆ, ಬೇಲೆ (ಕಡಲದಡ) ಹಾಗೆ ಮರಳಿ ಬರುವುದಿಲ್ಲ. 1986ರಲ್ಲಿ ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆ ಯೋಜನೆಯ ನಿರಾಶ್ರಿತರು ಪರಿಹಾರಕ್ಕಾಗಿ ದಶಕಗಟ್ಟಲೆ ಓಡಾಡಿದ ಜಿಲ್ಲೆ ಇದು. ಅಲ್ಲಾದರೂ ಎದುರಿಗಿದ್ದುದು ಎಲ್ಲಿಗೂ ಓಡಿಹೋಗದ ಕೇಂದ್ರ ಸರ್ಕಾರ.

ಹಾಗಾದರೆ ನಮಗೇನು

ಬಿಡಿಭಾಗದ ಕೆಲಸ ಬರಬಹುದು. ಘಟ್ಟದ ಮೇಲಿನ ಬೆಳಗಾವಿಯಲ್ಲಿ ವಿಮಾನ ಬಿಡಿಭಾಗಗಳ ಉದ್ಯಮ ಆಗಲೇ ಬೇರು ಬಿಟ್ಟಿದೆ. ಎಚ್‌ಎಎಲ್ ರಾಕೆಟ್ ಸಂಖ್ಯೆ ಏರಿಸಿದರೆ ಆ ಪ್ರದೇಶಕ್ಕೆ ಕೆಲಸ ಹೆಚ್ಚುತ್ತದೆ. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರಿಗೆ ಅದು ಬೆಂಗಳೂರಿಗಿಂತ ಹತ್ತಿರ. ಆದರೆ ಘಟ್ಟದ ಕೆಳಗೆ ಅಂಥ ಕಾರ್ಖಾನೆ ಏಳುತ್ತದೆಂದು ಈಗಲೇ ಹೇಳುವುದು ಅತಿಯಾಗುತ್ತದೆ.

ಹೆಚ್ಚು ಗಟ್ಟಿಯಾದ ನಂಟು ಗಿರಾಕಿಯದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ, ಗಂಗಾವಳಿ ನದಿಗೆ ಕುಸಿಯಿತು. ಮಳೆಗಾಲದಲ್ಲಿ ಈ ಗುಡ್ಡಗಳ ಮೇಲೆ ಮೋಡ ಕವಿದಿರುವಾಗ ಸಾಮಾನ್ಯ ಕ್ಯಾಮೆರಾದ ಉಪಗ್ರಹಕ್ಕೆ ಏನೂ ಕಾಣುವುದಿಲ್ಲ. ರಾಡಾರ್ ಉಪಗ್ರಹಕ್ಕೆ ಕಾಣುತ್ತದೆ. 2025ರ ಜುಲೈ 30ರಂದು ಹಾರಿದ ನಿಸಾರ್ ಎಂಬ ರಾಡಾರ್ ಉಪಗ್ರಹ ನೆಲದ ಸಣ್ಣ ಜರುಗುವಿಕೆಯನ್ನೂ ಅಳೆಯಬಲ್ಲದು, ಆದರೆ ಅದೇ ಜಾಗಕ್ಕೆ ಮರಳುವುದು 12 ದಿನಕ್ಕೊಮ್ಮೆ. ದಿನಕ್ಕೊಮ್ಮೆ ನೋಡಬೇಕೆಂದರೆ ಚಿಕ್ಕ ರಾಡಾರ್ ಉಪಗ್ರಹಗಳ ಸಾಲೇ ಬೇಕು. ಕೆಳ ಕಕ್ಷೆಯ ಚಿಕ್ಕ ಉಪಗ್ರಹಗಳ ಆಯುಷ್ಯ ಕಡಿಮೆ, ಹಾಗಾಗಿ ಅವನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸುತ್ತಿರಬೇಕು. ಚಿಕ್ಕ ರಾಕೆಟ್ ಕಂಪನಿಗಳು ಕಾಯುತ್ತಿರುವ, ಮತ್ತೆ ಮತ್ತೆ ಬರುವ ಗಿರಾಕಿ ಇದೇ.

ಈ ಸರಪಳಿಯ ಇನ್ನೊಂದು ತುದಿಯಲ್ಲಿ ಯಾರಾದರೂ ಆ ಮಾಹಿತಿಗೆ ಹಣ ಕೊಡಬೇಕು. ಮೀನು ಸಿಗುವ ಜಾಗದ ಮುನ್ಸೂಚನೆಯನ್ನು ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಉಪಗ್ರಹ ನೋಡಿ ಬೋಟಿನವರಿಗೆ ಪುಕ್ಕಟೆ ಕೊಡುತ್ತದೆ. ಅದರ ಖರ್ಚು ಕೇಂದ್ರದ್ದು. ಗುಡ್ಡ ಜರುಗುವಿಕೆಯ ಮೇಲೆ ದಿನವೂ ಕಣ್ಣಿಡುವ ಸೇವೆಗೆ ಅಂಥ ಖಾತೆ ಯಾವ ಇಲಾಖೆಯದು? ಹೆದ್ದಾರಿ ಪ್ರಾಧಿಕಾರದ್ದೋ, ಕೊಂಕಣ ರೈಲ್ವೆಯದ್ದೋ, ರಾಜ್ಯದ ವಿಪತ್ತು ನಿರ್ವಹಣೆಯದ್ದೋ? ಇವುಗಳಲ್ಲಿ ಒಂದಾದರೂ ಐದು ವರ್ಷದ ಖರೀದಿ ಒಪ್ಪಂದಕ್ಕೆ ಸಹಿ ಹಾಕಿದರೆ, ಉಪಗ್ರಹ ಕಂಪನಿ ಅದನ್ನು ತೋರಿಸಿ ಬಂಡವಾಳ ತರುತ್ತದೆ, ರಾಕೆಟ್ ಕಂಪನಿಗೆ ಮುಂಗಡ ಕೊಡುತ್ತದೆ. ಕಾರವಾರದ ಜನಪ್ರತಿನಿಧಿಗಳು ಉಡಾವಣಾ ಕಟ್ಟೆ ಕೇಳುವ ಬದಲು ಈ ಒಪ್ಪಂದ ಕೇಳಿದರೆ, ಅದಕ್ಕೆ ಒಂದು ಗುಂಟೆ ಜಾಗವನ್ನೂ ಬಿಟ್ಟುಕೊಡಬೇಕಾಗಿಲ್ಲ.